ಖಾದರ್ : ಹೊಳೆಯು ಕಟ್ಟುವ ನೆಲ

ಗಂಗಾನದಿಯ ಬಯಲನ್ನು ಕುರಿತ ಪಾಠದಲ್ಲಿ ‘ಖಾದರ್’, ‘ಭಾಂಗರ್’ ಎಂಬ ಎರಡು ಶಬ್ದಗಳನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಒಮ್ಮೆ ಬಾಯಿಪಾಠ ಮಾಡಿರುತ್ತಾರೆ. ಹೊಸ ಮೆಕ್ಕಲು ಖಾದರ್, ಹಳೆಯ ಮೆಕ್ಕಲು ಭಾಂಗರ್ ಎಂದು ಒಂದು ಅಂಕಕ್ಕೆ ಉತ್ತರ ಬರೆದು ಮುಂದೆ ಸಾಗುವುದು ವಾಡಿಕೆ. ದ್ರವಗಳ ಸ್ನಿಗ್ಧತೆಯನ್ನು ಕುರಿತು ಪಾಠ ಹೇಳುತ್ತಿದ್ದಾಗ ಒಮ್ಮೆ ನಾವು ಈ ಮಾತನ್ನೆತ್ತಲು ಹಿಂದಿನ ಬೆಂಚಿನ ಹುಡುಗನೊಬ್ಬನು, “ಖಾದರ್ ಎಂದರೆ ನಮ್ಮ ಬೀದಿಯ ಸೈಕಲ್ ಅಂಗಡಿಯವರ ಹೆಸರಲ್ಲವೇ ಸಾರ್?” ಎಂದನು. ತರಗತಿಯೆಲ್ಲ ನಕ್ಕಿತು, ನಾವೂ ನಕ್ಕೆವು. ಆ ಹೆಸರಿಗೂ ಈ ನೆಲಕ್ಕೂ ಸಂಬಂಧವಿಲ್ಲವೆಂದು ಹೇಳಿ ಪಾಠವನ್ನು ಮುಂದುವರಿಸಿದೆವು. ಆದರೆ ಒಂದು ಸಂಗತಿ ಮನಸ್ಸಿನಲ್ಲಿ ಉಳಿಯಿತು. ರೈತನೊಬ್ಬನು ತನ್ನ ಹೊಲವನ್ನು ತೋರಿಸಿ ಆಡುವ ಮಾತು ನಮ್ಮಲ್ಲಿಗೆ ಬರುವಾಗ ಬರಿಯ ಪರೀಕ್ಷೆಯ ಉತ್ತರವಾಗಿಬಿಟ್ಟಿದೆ. ಆ ಮಾತಿನೊಳಗೆ ಎಷ್ಟು ಭೌತಶಾಸ್ತ್ರ ಅಡಗಿದೆಯೆಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಹೊಳೆಯ ಇಕ್ಕೆಲಗಳಲ್ಲಿ ತಗ್ಗಾಗಿದ್ದು, ಮಳೆಗಾಲದ ನೆರೆಯು ಮೇಲೆ ಹರಿದು ಹೊಸ ಮಣ್ಣನ್ನು ಬಿಟ್ಟುಹೋಗುವ ನೆಲಕ್ಕೆ ಉತ್ತರ ಭಾರತದಲ್ಲಿ ಖಾದರ್ ಎನ್ನುವರು. ಅದರಿಂದ ಆಚೆಗೆ, ಮೆಟ್ಟಿಲೊಂದನ್ನು ಏರಿದಂತೆ ಎತ್ತರದಲ್ಲಿದ್ದು ನೆರೆಗೆ ನಿಲುಕದ ನೆಲವೇ ಭಾಂಗರ್. ಪಂಜಾಬಿನಲ್ಲಿ ಇದೇ ತಗ್ಗು ನೆಲಕ್ಕೆ ‘ಬೇಟ್’ ಎಂದೂ, ತಗ್ಗಿಗೂ ಎತ್ತರಕ್ಕೂ ನಡುವೆ ಕಾಣುವ ಮಣ್ಣಿನ ದಿಬ್ಬಕ್ಕೆ ‘ಧಾಯಾ’ ಎಂದೂ ಹೆಸರು. ಬಿಹಾರದಲ್ಲಿ ಹೊಳೆಯ ಕವಲುಗಳ ನಡುವೆಯೂ ಬದಿಯಲ್ಲಿಯೂ ಎದ್ದು ಮುಳುಗುವ ನೆಲ ‘ದಿಯಾರಾ’. ಬಂಗಾಳ ಅಸ್ಸಾಮುಗಳಲ್ಲಿ ಅದು ‘ಚರ್’. ಸಿಂಧ್ ಪ್ರಾಂತದವರು ಸಿಂಧೂನದಿಯ ನೆರೆಗೆ ಸಿಕ್ಕುವ ನೆಲವನ್ನು ‘ಕಚ್ಚಾ’ ಎನ್ನುತ್ತಾರೆ, ಸಿಕ್ಕದಿರುವುದು ‘ಪಕ್ಕಾ’. ಈ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಮಣ್ಣಿನ ಬಣ್ಣವಾಗಲಿ ಬೆಳೆಯಾಗಲಿ ಇಲ್ಲಿ ವಿಂಗಡಣೆಯ ಆಧಾರವಲ್ಲ. ಹೊಳೆ ಇಲ್ಲಿಗೆ ಬರುವುದೋ ಬಾರದೋ ಎಂಬ ಒಂದೇ ಪ್ರಶ್ನೆಗೆ ಇವೆಲ್ಲವೂ ಉತ್ತರಗಳು.

ಕಂದಾಯದ ದಫ್ತರಗಳಲ್ಲಿಯೂ ಇಂಥ ಎರಡು ಪಾರಸಿ ಶಬ್ದಗಳುಂಟು. ಹೊಳೆಯಿಂದ ಹೊರಬಿದ್ದ ನೆಲ ‘ಗಂಗ್ ಬರಾಮದ್’. ಹೊಳೆಯು ಮುರಿದುಕೊಂಡು ಹೋದ ನೆಲ ‘ಗಂಗ್ ಶಿಕಸ್ತ್’. ಹೀಗೆ ಬಂದು ಹೋಗುವ ಭೂಮಿಯ ಒಡೆತನ ಯಾರದು? 1825ರಲ್ಲಿ ಬಂಗಾಳದ ಆಡಳಿತವು ಹೊರಡಿಸಿದ 11ನೆಯ ರೆಗ್ಯುಲೇಷನ್ ಈ ವ್ಯಾಜ್ಯಕ್ಕಾಗಿಯೇ ಹುಟ್ಟಿದುದು. ನೆಲವು ಸ್ವಲ್ಪ ಸ್ವಲ್ಪವಾಗಿ ಬೆಳೆದು ಒಬ್ಬನ ಹೊಲಕ್ಕೆ ಅಂಟಿಕೊಂಡರೆ ಅದು ಆ ಹೊಲದೊಡನೆಯೇ ಸೇರತಕ್ಕದ್ದು. ಹೊಳೆಯು ಒಮ್ಮೆಗೇ ಪಾತ್ರವನ್ನು ಬದಲಿಸಿ, ಗುರುತು ಹಿಡಿಯಬಹುದಾದ ತುಂಡೊಂದನ್ನು ಆಚೆ ದಡಕ್ಕೆ ಮಾಡಿದರೆ ಅದು ಮೊದಲಿನ ಒಡೆಯನದೇ. ಸ್ಥಳೀಯ ರೂಢಿ ಬೇರೆ ಇದ್ದಲ್ಲಿ ಆ ರೂಢಿಗೇ ಮನ್ನಣೆ. ನಿಧಾನವಾದ ಬದಲಾವಣೆ, ಹಠಾತ್ತಾದ ಬದಲಾವಣೆ ಎಂಬ ಈ ಭೇದ ಕಾನೂನಿನವರು ಕಲ್ಪಿಸಿಕೊಂಡದ್ದಲ್ಲ. ಹೊಳೆಯ ನಡತೆಯಲ್ಲಿಯೇ ಇರುವಂಥದು. ಇದನ್ನು ಮುಂದೆ ಕಾಣುವೆವು.

ಕನ್ನಡದಲ್ಲಿ ಈ ಮಣ್ಣಿಗೆ ಹೆಸರಿನ ಬಡತನವಿಲ್ಲ. ಮೆಕ್ಕಲು, ರೇವೆ, ಗೋಡು, ಹೂಳು ಎಂದು ಎಷ್ಟೋ ಇವೆ. ಹೊಳೆಯ ಬದಿಯ ಸೀಮೆಗೆ ಹೊಳೆಸಾಲು ಎನ್ನುವುದೂ ಉಂಟು. ಆದರೆ ಹರದಾರಿಗಟ್ಟಲೆ ಹರಡಿದ ಖಾದರಿಗೆ ಸರಿದೂಗುವ ನೆಲವೇ ನಮ್ಮಲ್ಲಿ ಅಪರೂಪ. ಕೃಷ್ಣೆ ತುಂಗಭದ್ರೆಗಳು ಹರಿಯುವುದು ಪ್ರಾಚೀನವಾದ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಬಹುಮಟ್ಟಿಗೆ ಅವು ಬಂಡೆಯನ್ನು ಕೊರೆದುಕೊಂಡೇ ಸಾಗುತ್ತವೆ. ಗಂಗೆಯಾದರೋ ತಾನೂ ತನ್ನ ಉಪನದಿಗಳೂ ತಂದು ತುಂಬಿದ ಮಣ್ಣಿನ ಮೇಲೆಯೇ ಹರಿಯುತ್ತಾಳೆ. ಆ ಮಣ್ಣಿನಲ್ಲಿ ಎಷ್ಟು ಆಳಕ್ಕೆ ಅಗೆದರೂ ಸುಲಭವಾಗಿ ಬಂಡೆ ಸಿಕ್ಕದು.

ನೀರು ಮಣ್ಣನ್ನು ಹೊರುವ ಬಗೆಯನ್ನು ಈಗ ನೋಡೋಣ. ಹೊಳೆಯ ತಳದಲ್ಲಿ ಒಂದು ಘನಾಕೃತಿಯ ಕಲ್ಲು ಇದೆಯೆಂದು ಭಾವಿಸಿರಿ. ಅದನ್ನು ನೂಕುವ ನೀರಿನ ಬಲವು ವೇಗದ ವರ್ಗಕ್ಕೂ ಕಲ್ಲಿನ ಮುಖದ ವಿಸ್ತೀರ್ಣಕ್ಕೂ ಅನುಪಾತದಲ್ಲಿರುತ್ತದೆ. ತಡೆಯುವ ಬಲವು ಕಲ್ಲಿನ ತೂಕಕ್ಕೆ, ಎಂದರೆ ಅದರ ಬಾಹುವಿನ ಘನಕ್ಕೆ ಅನುಪಾತದಲ್ಲಿರುತ್ತದೆ. ಇವೆರಡೂ ಸಮನಾದಾಗ ಕಲ್ಲು ಕದಲಲು ತೊಡಗುವುದು. ಸಮೀಕರಣವನ್ನು ಬರೆದು ನೋಡಿದರೆ ಬಾಹುವು ವೇಗದ ವರ್ಗಕ್ಕೆ ಅನುಪಾತವಾಗುತ್ತದೆ; ಆದುದರಿಂದ ತೂಕವು ವೇಗದ ಆರನೆಯ ಘಾತಕ್ಕೆ ಅನುಪಾತವಾಗುತ್ತದೆ. 19ನೆಯ ಶತಮಾನದಲ್ಲಿ ಹಾಪ್ಕಿನ್ಸ್ ಎಂಬ ಆಂಗ್ಲ ಗಣಿತಜ್ಞನು ಇದನ್ನು ತೋರಿಸಿಕೊಟ್ಟನು. ವೇಗವು ಇಮ್ಮಡಿಯಾದರೆ ಹೊಳೆಯು 64 ಪಟ್ಟು ತೂಕದ ಕಲ್ಲನ್ನು ಉರುಳಿಸಬಲ್ಲದು. ಹಿಮಾಲಯದ ಕಂದರಗಳಲ್ಲಿ ಮನೆಯಷ್ಟು ದೊಡ್ಡ ಬಂಡೆಗಳು ಉರುಳಿಬಂದಿರುವುದನ್ನು ಕಂಡವರು ಇದನ್ನು ಅತಿಶಯೋಕ್ತಿಯೆನ್ನಲಾರರು. ಇದೇ ನಿಯಮವನ್ನು ತಿರುಗಿಸಿಯೂ ಓದಬೇಕು. ವೇಗವು ಅರ್ಧಕ್ಕಿಳಿದರೆ ಹೊರುವ ಕಲ್ಲಿನ ತೂಕ 64ನೆಯ ಒಂದು ಭಾಗಕ್ಕೆ ಇಳಿದುಬಿಡುತ್ತದೆ. ಬೆಟ್ಟದಿಂದ ಬಯಲಿಗೆ ಇಳಿದೊಡನೆ ಹೊಳೆಯು ಹೊರೆಯನ್ನು ಚೆಲ್ಲುವುದು ಇದರಿಂದಲೇ.

ಕಲ್ಲು ದಪ್ಪ ಮರಳುಗಳ ಕಥೆ ಇಷ್ಟಾಯಿತು. ಖಾದರನ್ನು ಕಟ್ಟುವುದು ಇವಕ್ಕಿಂತ ನುಣ್ಣನೆಯ ರೇವೆ ಮತ್ತು ಜೇಡಿ. ಇವು ಉರುಳುವುದಿಲ್ಲ, ತೇಲುತ್ತವೆ. ಇಲ್ಲಿ 1851ರಲ್ಲಿ ಸ್ಟೋಕ್ಸನು ಕಂಡುಹಿಡಿದ ನಿಯಮ ಅನ್ವಯಿಸುತ್ತದೆ. ನಿಶ್ಚಲವಾದ ದ್ರವದಲ್ಲಿ ಸಣ್ಣ ಗೋಲವು ಕೆಳಗಿಳಿಯುವ ವೇಗವು ಅದರ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವ್ಯಾಸವು ಹತ್ತನೆಯ ಒಂದಾದರೆ ಇಳಿಯುವ ವೇಗ ನೂರನೆಯ ಒಂದು. 0.2 ಮಿಲಿಮೀಟರ್ ವ್ಯಾಸದ ಮರಳು ಒಂದು ಮೀಟರ್ ನೀರನ್ನು ಒಂದು ನಿಮಿಷದೊಳಗೆ ಇಳಿದುಬಿಡುತ್ತದೆ. (ಈ ಗಾತ್ರಕ್ಕೆ ಸ್ಟೋಕ್ಸನ ನಿಯಮವು ಸರಿಯಾಗಿ ಹೊಂದದು, ಅಂದಾಜಿಗೆ ಸಾಕು.) 0.02 ಮಿಲಿಮೀಟರಿನ ರೇವೆಗೆ ಸುಮಾರು 46 ನಿಮಿಷ ಬೇಕು. 0.002 ಮಿಲಿಮೀಟರಿನ ಜೇಡಿಗೆ ಮೂರು ದಿನಗಳಿಗೂ ಮೀರಿ ಹಿಡಿಯುತ್ತದೆ.

ಇದನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ನೇರವಾದ ಗಾಜಿನ ಸೀಸೆಯೊಂದರಲ್ಲಿ ಎರಡು ಹಿಡಿ ಹೊಲದ ಮಣ್ಣು ಹಾಕಿ, ಒಂದು ಗೇಣು ನೀರು ತುಂಬಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ ಇಡಿ. ಹತ್ತು ಎಣಿಸುವುದರೊಳಗೆ ಮರಳು ತಳಕ್ಕೆ ಕೂರುತ್ತದೆ. ಹತ್ತು ನಿಮಿಷಗಳಲ್ಲಿ ಅದರ ಮೇಲೆ ರೇವೆಯ ಪದರ ಕಾಣುತ್ತದೆ. ಮರುದಿನ ಬೆಳಗ್ಗೆ ನೋಡಿದರೂ ನೀರು ಕದಡಿಯೇ ಇರುವುದು, ಅದು ಜೇಡಿ. ಸ್ವಲ್ಪ ಪಟಿಕದ ಪುಡಿ ಹಾಕಿದರೆ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗಿ ಬೇಗ ಇಳಿಯುತ್ತವೆ. ನಮ್ಮ ಅಜ್ಜಿಯಂದಿರು ಹೊಳೆಯ ನೀರನ್ನು ತಿಳಿಮಾಡುತ್ತಿದ್ದುದು ಹೀಗೆಯೇ. ಸ್ಟೋಕ್ಸನ ಹೆಸರನ್ನು ಅವರು ಕೇಳಿರಲಿಲ್ಲ.

ಸೀಸೆಯಲ್ಲಿ ಪದರ ಪದರವಾಗಿ ನಡೆಯುವುದೇ ಖಾದರಿನಲ್ಲಿ ದೂರ ದೂರಕ್ಕೆ ನಡೆಯುತ್ತದೆ. ನೆರೆಯು ದಂಡೆಯನ್ನು ಮೀರಿ ಹೊಲಗಳಿಗೆ ನುಗ್ಗುವಾಗ ನೀರಿನ ಆಳ ಕಡಿಮೆಯಾಗುತ್ತದೆ, ಹುಲ್ಲು, ಕೂಳೆ, ಬದುಗಳು ಅಡ್ಡ ಬರುತ್ತವೆ, ವೇಗ ಕುಗ್ಗುತ್ತದೆ. ಮರಳು ದಂಡೆಯ ಮೇಲೆಯೇ ಬೀಳುತ್ತದೆ. ರೇವೆ ಅದರಾಚೆಗೆ. ಜೇಡಿ ಎಲ್ಲಕ್ಕಿಂತ ದೂರ ಹೋಗಿ, ನಿಂತ ನೀರಿನಲ್ಲಿ ದಿನಗಟ್ಟಲೆ ಕೂರುತ್ತದೆ. ಆದಕಾರಣ ಹೊಳೆಯ ಅಂಚು ಕ್ರಮೇಣ ಎತ್ತರವಾಗಿ, ಹೊಳೆಯಿಂದ ದೂರ ಹೋದಂತೆ ನೆಲವು ಇಳಿಯುತ್ತದೆ! ಹೊಳೆಯೇ ತಗ್ಗು, ದೂರ ಹೋದಂತೆ ಎತ್ತರ ಎಂದು ನಂಬಿದ ನಮ್ಮ ಕಡೆಯವರಿಗೆ ಇದು ವಿಚಿತ್ರವಾಗಿ ತೋರಬಹುದು. ಹೀಗೆ ಹಿಂದೆ ಉಳಿದ ತಗ್ಗುಗಳಲ್ಲಿ ನೀರು ತಿಂಗಳುಗಟ್ಟಲೆ ನಿಲ್ಲುತ್ತದೆ. ಬಿಹಾರದವರು ಇವನ್ನು ‘ಚೌರ್’ ಎನ್ನುವರು. ಪಾಟ್ನಾದ ಪೂರ್ವಕ್ಕೆ, ಗಂಗೆಯ ದಕ್ಷಿಣ ದಂಡೆಯ ಹಿಂದೆ ಇರುವ ಮೊಕಾಮಾ ತಾಲ್ ಇಂಥದೇ ಒಂದು ಮಹಾ ತಗ್ಗು; ಸುಮಾರು 1 ಲಕ್ಷ ಹೆಕ್ಟೇರಿನಷ್ಟು ನೆಲ ಮಳೆಗಾಲದಲ್ಲಿ ಕೆರೆಯಾಗಿಬಿಡುತ್ತದೆ. ನೀರು ಇಳಿದ ಮೇಲೆ ಅದೇ ಹಸಿಯಲ್ಲಿ ಚನ್ನಂಗಿ, ಕಡಲೆಗಳನ್ನು ಬಿತ್ತುತ್ತಾರೆ. ಬೇರೆ ನೀರಾವರಿಯ ಗೊಡವೆಯೇ ಬಹುಮಟ್ಟಿಗೆ ಇಲ್ಲ.

ಖಾದರಿನ ಫಲವತ್ತತೆಯನ್ನು ಕುರಿತು ಒಂದು ಮಾತು. ಹೊಸ ಮಣ್ಣೆಂದರೆ ಎಲ್ಲ ಸಾರವೂ ಅದರಲ್ಲಿದೆಯೆಂದು ಎಣಿಸಬಾರದು. ಹಿಮಾಲಯದ ಶಿಲೆಗಳಿಂದ ಬಂದ ಈ ರೇವೆಯಲ್ಲಿ ಅಭ್ರಕವೂ ಫೆಲ್ಡ್‌ಸ್ಪಾರೂ ಇರುವುದರಿಂದ ಪೊಟ್ಯಾಷ್ ಧಾರಾಳವಾಗಿದೆ. ಸಾರಜನಕ ಮಾತ್ರ ಕಡಿಮೆ. ದ್ವಿದಳ ಧಾನ್ಯಗಳು ಅಲ್ಲಿ ಒಗ್ಗುವುದಕ್ಕೆ ಇದೂ ಒಂದು ಕಾರಣವೆನ್ನಬಹುದು, ಏಕೆಂದರೆ ಅವು ತಮ್ಮ ಸಾರಜನಕವನ್ನು ಗಾಳಿಯಿಂದಲೇ ಪಡೆಯಬಲ್ಲವು. ಖಾದರಿನ ನಿಜವಾದ ಐಶ್ವರ್ಯವೆಂದರೆ ಹದವಾದ ರೇವೆ, ಅದರಲ್ಲಿ ನಿಲ್ಲುವ ತೇವ, ಮತ್ತು ವರ್ಷವರ್ಷವೂ ಬರುವ ಹೊಸ ಪದರ. ಆ ಪದರದ ಬೆಲೆಯನ್ನು ನಮ್ಮ ರೈತರ ಲೆಕ್ಕದಲ್ಲಿಯೇ ಕಟ್ಟೋಣ. ಬೇಸಗೆಯಲ್ಲಿ ಒಣಗಿದ ಕೆರೆಯಿಂದ ಗೋಡನ್ನು ಹೊಲಕ್ಕೆ ಹೊಡೆಯುವುದು ನಮ್ಮಲ್ಲಿ ಹಳೆಯ ಪದ್ಧತಿ. ಒಂದು ಎಕರೆಗೆ ಒಂದು ಸೆಂಟಿಮೀಟರ್ ದಪ್ಪ ಗೋಡು ಹರಡಬೇಕಾದರೆ ಸುಮಾರು 40 ಘನಮೀಟರ್, ಎಂದರೆ 60 ಟನ್ನಿನಷ್ಟು ಮಣ್ಣು ಬೇಕು. ಗಾಡಿಗೆ ಅರ್ಧ ಟನ್ನಿನಂತೆ 120 ಗಾಡಿ. ಎತ್ತುಗಳ ಬೆವರಿಲ್ಲದೆ ನೆರೆಯು ಇಷ್ಟನ್ನು ಕೆಲವೇ ದಿನಗಳಲ್ಲಿ ಮಾಡಿಬಿಡಬಲ್ಲದು.

ಕೊಡುವುದೂ ಕಸಿಯುವುದೂ ಒಟ್ಟಿಗೆ ನಡೆಯುತ್ತದೆ. ಗಾಜಿನ ಲೋಟದಲ್ಲಿ ಚಹಾ ಎಲೆ ಹಾಕಿದ ನೀರನ್ನು ಚಮಚದಿಂದ ಗಿರ್ರನೆ ತಿರುಗಿಸಿ ಬಿಡಿ. ಎಲೆಚೂರುಗಳು ಹೊರಗಿನ ಅಂಚಿಗೆ ಹೋಗಬೇಕೆಂದು ನೀವು ನಿರೀಕ್ಷಿಸುವಿರಿ. ಅವು ತಳದ ನಡುವೆ ಬಂದು ಗುಂಪಾಗುತ್ತವೆ. ತಿರುಗುವ ನೀರಿನಲ್ಲಿ ಅಂಚಿನ ಕಡೆ ಒತ್ತಡ ಹೆಚ್ಚು, ನಡುವೆ ಕಡಿಮೆ. ಮೇಲಿನ ನೀರು ವೇಗವಾಗಿ ತಿರುಗುವುದರಿಂದ ಈ ಒತ್ತಡಕ್ಕೆ ಸರಿಸಮನಾಗಿ ನಿಲ್ಲುತ್ತದೆ. ತಳದ ನೀರು ಘರ್ಷಣೆಯಿಂದ ನಿಧಾನವಾಗಿರುತ್ತದೆ. ಆದುದರಿಂದ ಒತ್ತಡವು ಅದನ್ನು ಒಳಕ್ಕೆ ನೂಕುತ್ತದೆ, ಅದರೊಡನೆ ಎಲೆಚೂರುಗಳನ್ನೂ. 1926ರಲ್ಲಿ ಐನ್‌ಸ್ಟೈನರು ಒಂದು ಪುಟ್ಟ ಲೇಖನದಲ್ಲಿ ಇದೇ ಲೋಟದಿಂದ ಹೊರಟು ನದಿಗಳ ತಿರುವುಗಳನ್ನು ವಿವರಿಸಿದರು. ತಿರುವಿನಲ್ಲಿ ಮೇಲಿನ ವೇಗದ ನೀರು ಹೊರದಂಡೆಗೆ ಬಡಿದು ಅದನ್ನು ಕೊರೆಯುತ್ತದೆ; ತಳದ ನಿಧಾನದ ನೀರು ಮರಳನ್ನು ಒಳದಂಡೆಗೆ ಒಯ್ದು ಪೇರಿಸುತ್ತದೆ. ಗಂಗ್ ಶಿಕಸ್ತ್ ಒಂದು ದಂಡೆಯಲ್ಲಿ, ಗಂಗ್ ಬರಾಮದ್ ಇನ್ನೊಂದರಲ್ಲಿ. ಕಾನೂನು ಹೇಳಿದ ನಿಧಾನದ ಬದಲಾವಣೆ ಇದೇ. ತಿರುವು ಬೆಳೆಬೆಳೆದು ಅದರ ಕತ್ತು ಕಿರಿದಾಗಿ, ಒಂದು ನೆರೆಯಲ್ಲಿ ನೀರು ನೇರ ನುಗ್ಗಿದರೆ ಅದು ಹಠಾತ್ತಾದ ಬದಲಾವಣೆ.

ಭಾಂಗರ್ ಕೂಡ ಒಂದು ಕಾಲದ ಖಾದರೇ. ಸಹಸ್ರಾರು ವರ್ಷಗಳ ಹಿಂದೆ ಹೊಳೆ ಅದನ್ನು ಹಾಸಿತು. ಆಮೇಲೆ ಪಾತ್ರವನ್ನು ಆಳವಾಗಿ ಕೊರೆದುಕೊಂಡು ಕೆಳಗಿಳಿಯಿತು. ಮೇಲುಳಿದ ಮಣ್ಣಿನಲ್ಲಿ ಸುಣ್ಣವು ಕರಗಿ ಮತ್ತೆ ಗಟ್ಟಿಯಾಗಿ ‘ಕಂಕರ್’ ಎಂಬ ಉಂಡೆಗಳಾಗಿದೆ. ಊರುಗಳೂ ಹೆದ್ದಾರಿಗಳೂ ಭಾಂಗರಿನ ಮೇಲೆ ಬೆಳೆದುವು. ಖಾದರಿನಲ್ಲಿ ಬೇಸಗೆಯ ಕಲ್ಲಂಗಡಿ, ಕರಬೂಜ, ಸೌತೆ, ಹುಲ್ಲಿನ ಗುಡಿಸಲು, ದನಗಳ ಮೇವು. ಈ ಎರಡರ ನಡುವಿನ ಎಲ್ಲೆಯನ್ನು ಮನುಷ್ಯನೇ ಒಡ್ಡು ಕಟ್ಟಿ ನಿಲ್ಲಿಸಲು ಹೊರಟಾಗ ಏನಾಯಿತೆಂಬುದಕ್ಕೆ ಕೋಸಿ ನದಿಯೇ ಸಾಕ್ಷಿ.

ಕೋಸಿಯು ನೇಪಾಳದ ಹಿಮಾಲಯದಿಂದ ಕೋಟಿಗಟ್ಟಲೆ ಟನ್ನು ಹೂಳನ್ನು ವರ್ಷವರ್ಷವೂ ತಂದು ಬಿಹಾರದ ಬಯಲಿಗೆ ಸುರಿಯುತ್ತದೆ. ತನ್ನ ಪಾತ್ರವನ್ನು ತಾನೇ ತುಂಬಿಕೊಂಡು, ತಗ್ಗಾದ ಕಡೆಗೆ ಸರಿದು, ಅಲ್ಲಿಯೂ ತುಂಬಿ, ಎರಡು ಶತಮಾನಗಳಿಗೆ ಸ್ವಲ್ಪ ಹೆಚ್ಚಿನ ಅವಧಿಯಲ್ಲಿ ಅದು 100 ಕಿಲೊಮೀಟರಿಗೂ ಮೀರಿ ಪಶ್ಚಿಮಕ್ಕೆ ಸರಿಯಿತು. 1954ರಲ್ಲಿ ಭಾರತ ನೇಪಾಳಗಳ ನಡುವೆ ಒಪ್ಪಂದವಾಗಿ, 1955ರಲ್ಲಿ ಇಕ್ಕೆಲಗಳಿಗೂ ಒಡ್ಡು ಹಾಕುವ ಕೆಲಸ ತೊಡಗಿತು. ಪ್ರತಿವರ್ಷವೂ ಮನೆಮಠ ಕಳೆದುಕೊಳ್ಳುತ್ತಿದ್ದ ಜನರು ಕೇಳಿದುದು ಅನ್ಯಾಯವೇನಲ್ಲ. ಎಂಜಿನಿಯರುಗಳ ವಾದವೂ ತರ್ಕಬದ್ಧವಾಗಿಯೇ ಇತ್ತು: ಹೊಳೆಯನ್ನು ಇಕ್ಕಟ್ಟಾಗಿಸಿದರೆ ವೇಗ ಹೆಚ್ಚುವುದು, ವೇಗ ಹೆಚ್ಚಿದರೆ ಹೊಳೆಯು ತನ್ನ ಹೂಳನ್ನು ತಾನೇ ಕೊಚ್ಚಿಕೊಂಡು ಹೋಗುವುದು. ಮೇಲೆ ಹೇಳಿದ ಆರನೆಯ ಘಾತದ ನಿಯಮವು ಅವರ ಪಕ್ಷದಲ್ಲಿಯೇ ಇರುವಂತೆ ತೋರುತ್ತದೆ. ಆದರೆ ಒಡ್ಡುಗಳ ನಡುವಣ ಅಂತರವೇ ಸುಮಾರು 10 ಕಿಲೊಮೀಟರ್. ನೆರೆ ಏರಿದಾಗ ಮಾತ್ರ ವೇಗ. ಇಳಿಯುವಾಗ ಅದೇ ನೀರು ಹೂಳನ್ನು ಅಲ್ಲಿಯೇ ಇಳಿಸುತ್ತದೆ. ಮೊದಲು 100 ಕಿಲೊಮೀಟರ್ ಅಗಲಕ್ಕೆ ಕಾಲಾನುಕಾಲಕ್ಕೆ ಹರಡುತ್ತಿದ್ದುದು ಈಗ 10 ಕಿಲೊಮೀಟರಿನೊಳಗೆ ಬೀಳತಕ್ಕದ್ದು. ಪದರವು ಹತ್ತು ಪಟ್ಟು ದಪ್ಪವಾಗುವುದೆಂದು ಯಾರೂ ಲೆಕ್ಕ ಹಾಕಬಹುದು. ಒಡ್ಡಿನ ಒಳಗಿನ ನೆಲ ಏರುತ್ತ ಬಂದು ಎಷ್ಟೋ ಕಡೆ ಹೊರಗಿನ ಊರುಗಳ ನೆಲಕ್ಕಿಂತ ಎತ್ತರವಾಯಿತು. ಚೀನದ ಪೀತನದಿ ಇದೇ ದಾರಿಯಲ್ಲಿ ಬಹಳ ಮುಂದೆ ಹೋಗಿದೆ. ಕೈಫೆಂಗ್ ನಗರದ ಬಳಿ ಅದರ ತಳವು ಸುತ್ತಣ ನೆಲಕ್ಕಿಂತ ಸುಮಾರು 10 ಮೀಟರ್ ಮೇಲಿದೆ.

2008ನೆಯ ಆಗಸ್ಟ್ 18ರಂದು ನೇಪಾಳದ ಕುಸಹಾ ಎಂಬಲ್ಲಿ ಕೋಸಿಯ ಪೂರ್ವದ ಒಡ್ಡು ಒಡೆಯಿತು. ಆ ದಿನ ಹೊಳೆಯಲ್ಲಿದ್ದ ನೀರು ಸೆಕೆಂಡಿಗೆ ಸುಮಾರು 1.44 ಲಕ್ಷ ಘನ ಅಡಿ. ಒಡ್ಡು ತಡೆಯಬೇಕಾಗಿದ್ದುದು 9.5 ಲಕ್ಷ! ಎಂದರೆ ಒಡ್ಡನ್ನು ಸೋಲಿಸಿದುದು ಅಸಾಧಾರಣ ನೆರೆಯಲ್ಲ. ಒಡ್ಡಿನ ದುರಸ್ತಿಯಲ್ಲಿ ಕೊರತೆ ಇತ್ತೆಂಬುದು ನಿಜ. ಅದರ ಹಿಂದೆ ಅರ್ಧ ಶತಮಾನ ಏರುತ್ತ ಬಂದ ತಳವೂ ಇತ್ತು. ಎತ್ತರದ ಹೊಳೆಗೆ ತಗ್ಗಿನ ದಾರಿ ಸಿಕ್ಕಿತು. ತಾನು ಹಿಂದೆ ಬಿಟ್ಟುಬಂದಿದ್ದ ಪೂರ್ವದ ಪಾತ್ರಗಳಿಗೆ ಅದು ಮರಳಿತು. ಬಿಹಾರದಲ್ಲಿಯೇ 30 ಲಕ್ಷಕ್ಕೂ ಹೆಚ್ಚು ಜನ ಸಂಕಟಕ್ಕೀಡಾದರು. ನೆರೆ ಕಾಣದೆ ಎಷ್ಟೋ ವರ್ಷಗಳಾಗಿದ್ದ ಊರುಗಳವು. ಬಹುಪಾಲು ಮನೆಗಳಲ್ಲಿ ದೋಣಿಗಳೇ ಇರಲಿಲ್ಲ. ಇತ್ತ ಎರಡು ಒಡ್ಡುಗಳ ನಡುವೆ ಸಿಕ್ಕಿಕೊಂಡ 300ಕ್ಕೂ ಹೆಚ್ಚು ಹಳ್ಳಿಗಳಿಗೆ ನೆರೆಯೆಂಬುದು ಪ್ರತಿವರ್ಷದ ಪಾಡು.

1954ರಲ್ಲಿ ಬಿಹಾರದ ಒಡ್ಡುಗಳ ಒಟ್ಟು ಉದ್ದ ಸುಮಾರು 160 ಕಿಲೊಮೀಟರ್, ನೆರೆಪೀಡಿತ ಪ್ರದೇಶವೆಂದು ಗುರುತಾಗಿದ್ದುದು 25 ಲಕ್ಷ ಹೆಕ್ಟೇರ್. ಮುಂದೆ ಒಡ್ಡುಗಳು 3,400 ಕಿಲೊಮೀಟರನ್ನು ಮೀರಿದುವು, ಪ್ರದೇಶವು ಸುಮಾರು 69 ಲಕ್ಷ ಹೆಕ್ಟೇರಿಗೆ ಏರಿತು. ಈ ಅಂಕೆಗಳನ್ನು ಕಂಡು ಎಲ್ಲ ದೋಷವನ್ನೂ ಒಡ್ಡಿನ ಮೇಲೆ ಹೊರಿಸುವುದು ಶಾಸ್ತ್ರೀಯವಲ್ಲ. ರಸ್ತೆ ರೈಲುಹಾದಿಗಳೂ ನೀರಿಗೆ ಅಡ್ಡ ನಿಂತಿವೆ. ಆದರೆ ಒಡ್ಡು ಕಟ್ಟಿದಷ್ಟೂ ನೆರೆ ತಗ್ಗುವುದೆಂದು ಹೇಳುವವರು ಈ ಅಂಕೆಗಳಿಗೆ ಉತ್ತರ ಕೊಡಬೇಕಾಗುತ್ತದೆ.

ಒಡ್ಡಿನಂತೆಯೇ ಕಟ್ಟಡಗಳೂ ಖಾದರನ್ನು ಇಕ್ಕಟ್ಟಾಗಿಸಬಲ್ಲವು. ದೆಹಲಿಯಲ್ಲಿ ಯಮುನೆಯ ಬದಿಗೆ ‘ಮದನ್‌ಪುರ್ ಖಾದರ್’ ಎಂಬ ಊರೇ ಇದೆ. ಹೆಸರೇ ನೆಲದ ಜಾತಕ. 2019ರ ಆಗಸ್ಟಿನಲ್ಲಿ ಮೇಲ್ಭಾಗದ ಹಥಿನಿಕುಂಡ್ ಬಂಧಾರದಿಂದ ಸೆಕೆಂಡಿಗೆ 8.28 ಲಕ್ಷ ಘನ ಅಡಿಯವರೆಗೆ ನೀರು ಹರಿದಾಗ ದೆಹಲಿಯ ಹಳೆಯ ರೈಲುಸೇತುವೆಯ ಬಳಿ ಯಮುನೆಯ ಮಟ್ಟ 206.60 ಮೀಟರ್ ಮುಟ್ಟಿತು. 2023ರ ಜುಲೈಯಲ್ಲಿ ಹರಿದುದು 3.59 ಲಕ್ಷವಷ್ಟೆ, ಮಟ್ಟವು 208.66 ಮೀಟರ್ ತಲಪಿ, 1978ರ 207.49 ಮೀಟರಿನ ದಾಖಲೆಯನ್ನು ಮುರಿಯಿತು. ಅರ್ಧಕ್ಕೂ ಕಡಿಮೆ ನೀರಿಗೆ ಎರಡು ಮೀಟರ್ ಹೆಚ್ಚು ಎತ್ತರ! ಸ್ಥಳೀಯ ಮಳೆ, ನಗರದ ಬಂಧಾರವೊಂದರಲ್ಲಿ ತೆರೆಯದೆ ಉಳಿದ ಬಾಗಿಲುಗಳು, ಪಾತ್ರದಲ್ಲಿ ಬೆಳೆದ ಹೂಳಿನ ದಿಬ್ಬಗಳು, ಖಾದರಿನೊಳಗೆ ಎದ್ದ ಕಟ್ಟಡಗಳು ಎಂದು ಕಾರಣಗಳನ್ನು ಹಲವರು ಹಲವು ಬಗೆಯಾಗಿ ತೂಗುತ್ತಾರೆ. ನಮಗೆ ಕೊನೆಯ ಎರಡೂ ಮುಖ್ಯವಾಗಿ ತೋರುತ್ತವೆ.

ನಮ್ಮ ನಾಡಿನಲ್ಲಿ ಇಂಥ ಹೊಳೆ ಇಲ್ಲವೇ ಇಲ್ಲವೆನ್ನುವಂತಿಲ್ಲ. ಮಹಾರಾಷ್ಟ್ರದ ಜತ್ ಸೀಮೆಯಲ್ಲಿ ಹುಟ್ಟಿ ವಿಜಯಪುರ ಜಿಲ್ಲೆಯ ಕರಿನೆಲದಲ್ಲಿ ಸುತ್ತಿಸುತ್ತಿ ಹರಿದು ಕೃಷ್ಣೆಯನ್ನು ಸೇರುವ ಡೋಣಿಯು ಒಂದು ಪುಟ್ಟ ಖಾದರನ್ನು ಕಟ್ಟಿದೆ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂಬ ಅರ್ಥದ ಗಾದೆ ಆ ಕಡೆ ಪ್ರಸಿದ್ಧ. ಈಗ ಅದರ ಪಾತ್ರದಲ್ಲಿ ಹೂಳು ತುಂಬಿ, ಸಾಧಾರಣ ಮಳೆಗೇ ಅದು ಹೊಲಗಳಿಗೆ ನುಗ್ಗುತ್ತದೆ. ಹೂಳೆತ್ತಬೇಕೆಂಬ ಕೂಗು ಬಹುಕಾಲದಿಂದ ಇದೆ. ಎತ್ತಿದ ಹೂಳನ್ನು ದಂಡೆಯ ಮೇಲೆಯೇ ಪೇರಿಸಿದರೆ ಅದು ಮುಂದಿನ ಮಳೆಗೆ ಮತ್ತೆ ಹೊಳೆಗೆ ಇಳಿಯುವುದು. ಅಥವಾ ಗಟ್ಟಿಯಾಗಿ ನಿಂತರೆ ಕೋಸಿಯಂಥದೇ ಒಂದು ಒಡ್ಡಾಗುವುದು. ಕೆರೆಗೋಡಿನಂತೆ ಹೊಲಕ್ಕೆ ಹೊಡೆಯಬಹುದಾದರೂ ಡೋಣಿಯ ನೀರು ಉಪ್ಪು. ಆದುದರಿಂದ ಮೊದಲು ಆ ಮಣ್ಣಿನ ಉಪ್ಪಿನಂಶವನ್ನು ಪರೀಕ್ಷಿಸಿಯೇ ಮುಂದುವರಿಯಬೇಕು.

ಹೊಳೆಸಾಲಿನ ಊರುಗಳಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳು ಒಂದು ಕೆಲಸ ಮಾಡಬಹುದು. ಮಳೆಗಾಲಕ್ಕೆ ಮುಂಚೆ ದಂಡೆಯ ಬಳಿ, ಅಲ್ಲಿಂದ 50 ಹೆಜ್ಜೆಗೊಂದು, 200 ಹೆಜ್ಜೆಗೊಂದು ಹೀಗೆ ಹಂಚಿನ ತುಂಡುಗಳನ್ನು ನೆಲಕ್ಕೆ ಸಮವಾಗಿ ಹುಗಿದು ಗುರುತಿಟ್ಟುಕೊಳ್ಳಿರಿ. ನೆರೆಯ ಸಮಯದಲ್ಲಿ ಆ ಕಡೆ ಸುಳಿಯದೆ, ನೀರು ಪೂರ್ತಿ ಇಳಿದು ನೆಲ ಕಾಲಿಗೆ ಗಟ್ಟಿಯಾದ ಮೇಲೆ ಹೋಗಿ, ಒಂದೊಂದು ಹಂಚಿನ ಮೇಲೂ ಎಷ್ಟು ಮಿಲಿಮೀಟರ್ ಮಣ್ಣು ಕೂತಿದೆಯೆಂದು ಅಳೆಯಿರಿ. ಪ್ರತಿ ಹಂಚಿನ ಮಣ್ಣನ್ನೂ ಬೇರೆ ಬೇರೆ ಸೀಸೆಯಲ್ಲಿ ಕುಲುಕಿಟ್ಟು, ಯಾವುದು ಎಷ್ಟು ಹೊತ್ತಿಗೆ ತಿಳಿಯಾಯಿತೆಂದು ಗಡಿಯಾರ ಹಿಡಿದು ಬರೆದುಕೊಳ್ಳಿರಿ.